ಸಸಿ ನೆಟ್ಟ ಮೇಲೆ ನೀರು ಹಾಕುವವರು ಯಾರು?

ಕಥೋಲಿಕ ಧರ್ಮಕೇಂದ್ರಗಳು, ಅಂದರೆ ಊರೂರಿನ ಚರ್ಚುಗಳು, ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ, ಅಂದರೆ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದವರೆಗೆ, ಪರಿಸರಕ್ಕಾಗಿ ಪ್ರಾರ್ಥಿಸಿ ಕೆಲಸ ಮಾಡುವ 'ಸೃಷ್ಟಿಯ ಕಾಲ' ಆಚರಿಸಿ ಸಸಿ ನೆಡುವುದನ್ನು ನಾನು ಓದಿದ ಲೇಖನವೊಂದು ಮೆಚ್ಚಿಕೊಂಡಿದೆ. ಒಳ್ಳೆಯದೇ. ಆದರೆ ನೆಟ್ಟ ಸಸಿಗೆ ಮುಂದಿನ ಬೇಸಿಗೆಯಲ್ಲಿ ನೀರು ಹಾಕುವವರು ಯಾರೆಂದು ಅವತ್ತೇ ತೀರ್ಮಾನವಾಗಬೇಕು. ಧರ್ಮೋಪದೇಶ ತರಗತಿಯ ಮಕ್ಕಳಿಗೆ ಒಂದೊಂದು ಗಿಡ ವಹಿಸಿಕೊಟ್ಟರೆ ಅವು ಖಂಡಿತ ಉಳಿಯುತ್ತವೆ.

ಪೋಪ್ ಫ್ರಾನ್ಸಿಸ್ ಪರಿಸರದ ಕುರಿತು ಬರೆದ 2015ರ 'ಲೌದಾತೊ ಸೀ' ಪತ್ರದಲ್ಲಿ ದೊಡ್ಡ ದೊಡ್ಡ ಮಾತುಗಳ ಜೊತೆಗೇ ಪ್ಲಾಸ್ಟಿಕ್ ಬಿಡಿ, ನೀರು ಮಿತವಾಗಿ ಬಳಸಿ, ಕಸ ಬೇರ್ಪಡಿಸಿ, ಉಣ್ಣುವಷ್ಟೇ ಬೇಯಿಸಿ, ಬೇಡದ ದೀಪ ಆರಿಸಿ ಎಂದೂ ಹೇಳಿದ್ದಾರೆ. ಇವೆಲ್ಲ ನಮ್ಮ ಕೈಯಲ್ಲೇ ಇರುವ ಕೆಲಸ.

ಚರ್ಚಿನ ಬಲಿಪೀಠದ, ಅಂದರೆ ಪೂಜೆಯ ವೇದಿಕೆಯ, ಹೂವಿನ ಅಲಂಕಾರವನ್ನೇ ನೋಡಿ. ಕಾಂಡ ಚುಚ್ಚಿ ನಿಲ್ಲಿಸುವ ಆ ಹಸಿರು ಸ್ಪಂಜು ಕೂಡ ಪ್ಲಾಸ್ಟಿಕ್ಕೇ. ಬೆರಳಲ್ಲಿ ಒತ್ತಿದರೆ ಪುಡಿಪುಡಿಯಾಗುತ್ತದೆ, ಆ ಪುಡಿ ತೊಳೆದ ನೀರಿನ ಜೊತೆ ಚರಂಡಿ ಸೇರುತ್ತದೆ, ಕೊಳೆಯುವುದಿಲ್ಲ. ಹೂದಾನಿಗೆ ನೀರು ತುಂಬಿ, ಒಳಗೆ ನಾಲ್ಕು ಕಡ್ಡಿ ಅಡ್ಡ ಇಟ್ಟರೂ ಹೂ ನೆಟ್ಟಗೆ ನಿಲ್ಲುತ್ತದೆ. ಅಲಂಕಾರ ಮಾಡುವ ಅಕ್ಕಂದಿರಿಗೆ ಇದನ್ನು ಯಾರಾದರೂ ಪ್ರೀತಿಯಿಂದ ಹೇಳಬೇಕಷ್ಟೆ. ಹಬ್ಬದ ಬಲಿಪೂಜೆ ಮುಗಿದ ಮೇಲೆ ಕೊಡುವ ಚಹಾಕ್ಕೂ ಸ್ಟೀಲ್ ಲೋಟ ಸಾಕು. ತೊಳೆಯಲು ಯುವಜನರನ್ನು ಕರೆಯಿರಿ, ಬರುತ್ತಾರೆ.

ಧರ್ಮಕೇಂದ್ರದ ಆಡಳಿತಕ್ಕೆ ನೆರವಾಗುವ ಪಾಲನಾ ಮಂಡಳಿಗಳು ವರ್ಷದ ಲೆಕ್ಕ ಒಪ್ಪಿಸುವಾಗ ಕರೆಂಟ್ ಬಿಲ್, ನೀರಿನ ಖರ್ಚು, ಬದುಕಿ ಉಳಿದ ಗಿಡಗಳ ಸಂಖ್ಯೆಯನ್ನೂ ಭಕ್ತರ ಮುಂದೆ ಓದಲಿ ಎಂಬುದು ನನ್ನ ಕೋರಿಕೆ.