ಚೀಲದ ತೂಕ ಸರಿ ಇದ್ದರೆ ಸಾಕಾ?

ಕ್ಲೀನ್ ರೂಮಿಗೆ, ಅಂದರೆ ಔಷಧ ಬೆರೆಸುವ ಶುದ್ಧ ಕೋಣೆಗೆ, ಹೋಗುವ ಮುಂಚೆ ನಾನು ದಿನಾ ಚೀಲ ತುಂಬುವ ಮೆಷಿನ್‌ನ ಪರೀಕ್ಷೆಯ ರಿಜಿಸ್ಟರ್ ತೆಗೆದು ಹಿಂದಿನ ಒಂದು ವಾರದ ಅಂಕಿ ಓದುತ್ತೇನೆ. ಸಹಿ ಇದೆಯಾ ಅಂತ ನೋಡುವವರು ಬಹಳ ಜನ. ಅಂಕಿ ಓದುವವರು ಕಡಿಮೆ. ನನ್ನ ಸಂಕಟ ಅದೇ.

ಬಾಯಿಂದ ಊಟ ಮಾಡಲಾಗದ ರೋಗಿಗೆ ರಕ್ತನಾಳದ ಮೂಲಕ ಕೊಡುವ ಟಿಪಿಎನ್ (ಪೂರ್ಣ ಪೋಷಣೆಯ ದ್ರಾವಣ) ಚೀಲವನ್ನು ಈಗ ಹಲವು ಕಡೆ ಮೆಷಿನ್ ತುಂಬುತ್ತದೆ. ಡೆಕ್ಸ್‌ಟ್ರೋಸ್ ಅನ್ನುವ ಸಕ್ಕರೆ, ಅಮೈನೋ ಆಮ್ಲ, ಕೊಬ್ಬು, ಪೊಟ್ಯಾಸಿಯಂ, ಎಲ್ಲ ಒಂದೇ ಚೀಲಕ್ಕೆ. ಕೊನೆಗೆ ಚೀಲ ತೂಗುತ್ತಾರೆ. ತೂಕ ಹೊಂದಿತು ಅಂದರೆ ಪಾಸ್.

ಆದರೆ ಒಂದು ಲೆಕ್ಕ ಹಾಕಿ ನೋಡಿ. ಎರಡು ಲೀಟರ್ ಚೀಲಕ್ಕೆ ಶೇ. 3ರಷ್ಟು ಹೆಚ್ಚುಕಡಿಮೆ ಆದರೂ ಪರವಾಗಿಲ್ಲ ಅಂತ ಇಟ್ಟುಕೊಳ್ಳೋಣ. ಅಂದರೆ ಸುಮಾರು 60 ಮಿಲಿ. ಪೊಟ್ಯಾಸಿಯಂ ಕ್ಲೋರೈಡ್ ಒಂದು ಮಿಲಿಗೆ 2 ಮಿಲಿಈಕ್ವಿವಲೆಂಟ್ (ಇಂಥ ಲವಣ ಅಳೆಯುವ ಮಾನ) ಇರುವ ದ್ರಾವಣ. ಅದು 20 ಮಿಲಿ ಜಾಸ್ತಿ ಬಿದ್ದರೆ 40 ಮಿಲಿಈಕ್ವಿವಲೆಂಟ್ ಜಾಸ್ತಿ. ಹೃದಯದ ಬಡಿತ ಕೆಡಿಸಲು ಅಷ್ಟು ಸಾಕಾಗಬಹುದು. ಇಡೀ ಚೀಲದ ತೂಕದಲ್ಲಿ ಮಾತ್ರ ಅದು ಗೊತ್ತೇ ಆಗುವುದಿಲ್ಲ!

ಇನ್ನೊಂದು ನನ್ನನ್ನು ಹೆಚ್ಚು ಹೆದರಿಸುತ್ತದೆ. ತೂಕ ನೋಡಿ ಹಾಕುವ ಮೆಷಿನ್‌ಗೆ 70% ಡೆಕ್ಸ್‌ಟ್ರೋಸ್ 500 ಮಿಲಿ ಹಾಕು ಅಂದರೆ, ಅದು ಸುಮಾರು 620 ಗ್ರಾಂ ಆಗುವವರೆಗೆ ಹಾಕಿ ನಿಲ್ಲುತ್ತದೆ. ಆ ಪೋರ್ಟಿಗೆ (ದ್ರಾವಣ ಮೆಷಿನ್‌ಗೆ ಸೇರುವ ಜಾಗಕ್ಕೆ) ಯಾರೋ ತಪ್ಪಾಗಿ ನೀರಿನ ಚೀಲ ಜೋಡಿಸಿದ್ದರೆ? 620 ಗ್ರಾಂ ನೀರು ಹೋಗುತ್ತದೆ. ತೂಕ ಪಕ್ಕಾ. ಒಳಗಿರುವುದು ಬೇರೆ. ಅದಕ್ಕೇ ಬಾರ್‌ಕೋಡ್ ಸ್ಕ್ಯಾನ್ ಮಾಡಿದ ಮೇಲೂ ಇಬ್ಬರು ಬೇರೆ ಬೇರೆಯಾಗಿ ಚೀಲದಿಂದ ಪೋರ್ಟ್‌ವರೆಗೆ ಒಂದೊಂದೇ ಟ್ಯೂಬಿನ ಮೇಲೆ ಬೆರಳಿಟ್ಟು ನೋಡಬೇಕು ಅಂತ ನಾನು ಹಟ ಹಿಡಿಯುವುದು. ಐದು ನಿಮಿಷ ತಡವಾಗುತ್ತದೆ, ಆಗಲಿ.

ಮೆಷಿನ್ ಸರಿಯಾಗಿ ಅಳೆಯುತ್ತದೆಯಾ ಅಂತ ನೋಡುವ ದಿನದ ಪರೀಕ್ಷೆ ಸುಲಭ. ಸ್ಟೆರೈಲ್ ನೀರು 100 ಮಿಲಿ ಹಾಕಿಸಿ ತೂಗುವುದು. ಕೋಣೆಯ ಬಿಸಿಯಲ್ಲಿ ಸುಮಾರು 99.7 ಗ್ರಾಂ ಬರಬೇಕು. ಒಮ್ಮೆ ನಮ್ಮ ರಿಜಿಸ್ಟರಿನಲ್ಲಿ 99.5, 98.9, 98.2, 97.6 ಅಂತ ಸಾಲಾಗಿ ಇತ್ತು. ಪ್ರತಿಯೊಂದೂ ಮಿತಿಯೊಳಗೇ. ಪ್ರತಿಯೊಂದಕ್ಕೂ ಸಹಿ. ಆದರೆ ಇಳಿಯುತ್ತಲೇ ಇದೆ ಅಲ್ವಾ? ಪಂಪ್ ಬಿಚ್ಚಿ ನೋಡಿದರೆ, ರೋಲರ್ ಒತ್ತುವ ಜಾಗದಲ್ಲಿ ಟ್ಯೂಬ್ ಚಪ್ಪಟೆಯಾಗಿತ್ತು. ಬೆರಳಲ್ಲಿ ಒತ್ತಿದರೆ ಮತ್ತೆ ದುಂಡಗಾಗುತ್ತಲೇ ಇರಲಿಲ್ಲ. ಹೊಸ ಟ್ಯೂಬ್ ಹಾಕಿ, ಪರೀಕ್ಷೆ ಮತ್ತೆ ಮಾಡಿದ ಮೇಲೇ ಆ ದಿನದ ಮೊದಲ ಚೀಲ ತುಂಬಿದೆವು.

ತಕ್ಕಡಿಯನ್ನೂ ಸುಮ್ನೆ ನಂಬಬೇಡಿ. ಹುಡ್‌ನ (ಶುದ್ಧ ಗಾಳಿ ಬೀಸುವ ಕ್ಯಾಬಿನೆಟ್‌ನ) ಗಾಳಿ ಬಡಿದರೂ, ಟ್ಯೂಬ್ ಚೀಲವನ್ನು ಎಳೆದುಕೊಂಡಿದ್ದರೂ ಅಂಕಿ ಅಲುಗಾಡುತ್ತದೆ. ಗೊತ್ತಿರುವ ತೂಕದ ಬಟ್ಟು ಇಟ್ಟು ಅದನ್ನು ಮೊದಲು ನೋಡಿಕೊಳ್ಳಬೇಕು.

ಅಮೆರಿಕದ ಔಷಧ ಗುಣಮಟ್ಟದ ಗ್ರಂಥವಾದ ಯುಎಸ್‌ಪಿಯ 797ನೇ ಅಧ್ಯಾಯ ಇದನ್ನು ನೇರವಾಗಿಯೇ ಹೇಳುತ್ತದೆ. ಮೆಷಿನ್ ಮೊದಲ ಬಾರಿ ಬಳಸುವ ಮುಂಚೆ ಪರೀಕ್ಷೆ, ಆಮೇಲೆ ಬಳಸುವ ಪ್ರತಿ ದಿನವೂ ಪರೀಕ್ಷೆ, ಅಂಕಿಗಳ ದಾಖಲೆ, ತಯಾರಕರು ಹೇಳಿದ ಮಿತಿ ದಾಟಿದರೆ ಸರಿಪಡಿಸುವುದು. ದಿನದಿಂದ ದಿನಕ್ಕೆ ಆಗುವ ಏರಿಳಿತದ ಮೇಲೆ ಕಣ್ಣಿಡಬಹುದು ಅಂತಲೂ ಅದರಲ್ಲಿದೆ. ನಮ್ಮಲ್ಲಿ ಮೊದಲು ಬಿಟ್ಟುಹೋಗುವುದು ಆ ಮಾತೇ.

ಈ ಕೆಲಸದಲ್ಲಿರುವ ಗೆಳೆಯರೇ, ಪೊಟ್ಯಾಸಿಯಂನಂಥ ಕಡಿಮೆ ಪ್ರಮಾಣದ ಔಷಧಕ್ಕೆ ಪ್ರತ್ಯೇಕವಾಗಿ, ನೀವು ನಿಜವಾಗಿ ಹಾಕುವ ಸಣ್ಣ ಅಳತೆಯಲ್ಲೇ ಪರೀಕ್ಷೆ ಮಾಡಿ. 100 ಮಿಲಿಯಲ್ಲಿ ಪಾಸಾದ ಪಂಪ್ 3 ಮಿಲಿಯಲ್ಲೂ ಪಾಸಾಗುತ್ತದೆ ಅಂತ ಹೇಳಲಾಗದು. ನಿಮ್ಮಲ್ಲಿ ಇದನ್ನು ಹೇಗೆ ಮಾಡುತ್ತೀರಿ ಅಂತ ಕೆಳಗೆ ಬರೆಯಿರಿ, ನನಗೂ ಕಲಿಯಬೇಕಿದೆ.