ಹಾರ ಕೇಳಿದ್ದು ಕೆರೆಯಲ್ಲ

‘ಕೆರೆಗೆ ಹಾರ’ (ಹಾರ ಅಂದರೆ ಇಲ್ಲಿ ಬಲಿ) ಎಂಬ ಜನಪದ ಹಾಡು ಅಂದ ಕೂಡಲೇ ಭಾಗೀರಥಿಯ ತ್ಯಾಗ, ಊರಿಗಾಗಿ ಬಲಿದಾನ ಅಂತ ಶುರುಮಾಡುತ್ತೇವೆ. ಹಾಡನ್ನು ಪೂರ್ತಿ ಕೇಳಿಸಿಕೊಂಡರೆ ಅಲ್ಲಿ ತ್ಯಾಗ ಕಾಣುವುದಿಲ್ಲ, ಸಂಚು ಕಾಣುತ್ತದೆ.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಒಂದು ಹನಿ ನೀರಿಲ್ಲ. ಬಲಿ ಬೇಕೆಂದು ಹೇಳಿದ್ದು ಗಂಗೆಯಲ್ಲ, ಜೋಯಿಸರು ತೆಗೆದ ಹೊತ್ತಿಗೆ, ಅಂದರೆ ಅವರ ಶಾಸ್ತ್ರದ ಪುಸ್ತಕ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವಾಗುತ್ತಾರೆ ಎಂಬ ಲೆಕ್ಕದಲ್ಲಿ ಕಿರಿಸೊಸೆ ಭಾಗೀರಥಿಯ ಹೆಸರು ನಿಲ್ಲುತ್ತದೆ. ಅವಳ ಗಂಡ ದಂಡಿನಲ್ಲಿದ್ದಾನೆ, ಅವನಿಗೆ ಸುದ್ದಿಯೇ ಇಲ್ಲ. ಗಂಗೆಪೂಜೆ ಮುಗಿಸಿ ಬರುವಾಗ ಬಂಗಾರದ ಪಾತ್ರೆಯೊಂದನ್ನು ಕೆರೆಯಲ್ಲೇ ಬಿಟ್ಟು, ತರಲು ಅವಳನ್ನು ಕಳಿಸುತ್ತಾರೆ. ಅವಳು ಪಾತ್ರೆ ತೆಗೆದುಕೊಂಡು ಮೆಟ್ಟಿಲು ಹತ್ತುತ್ತಿದ್ದಾಳೆ, ಇಳಿಯುತ್ತಿಲ್ಲ. ಮೊದಲ ಮೆಟ್ಟಿಲಿಗೆ ಪಾದಕ್ಕೆ ಬಂದ ನೀರು ಐದನೆಯದಕ್ಕೆ ತುಂಬಿ ಹರಿಯುತ್ತದೆ. ಮನೆಯ ಕಡೆ ಮುಖ ಮಾಡಿ ಮೇಲೇರುತ್ತಿದ್ದವಳನ್ನು ನೀರು ಬೆನ್ನಟ್ಟಿ ಹಿಡಿಯಿತು. ತಾನಾಗಿ ಪ್ರಾಣ ಕೊಟ್ಟವಳ ಚಿತ್ರ ಇದಲ್ಲ. ಹಾಡು ಕಟ್ಟಿದ ಹೆಣ್ಣುಮಕ್ಕಳಿಗೆ ಇದು ಗೊತ್ತಿತ್ತು, ಪಾಠ ಹೇಳಿದ ನಾವು ಮರೆಸಿದೆವು.

ಕೆರೆಗೆ ನೀರು ಬಾರದಿರಲು ಕಾರಣಗಳಿರುತ್ತವೆ. ಮೇಲಿನ ಜಲಾನಯನ ಸಾಲದಿದ್ದರೆ, ನೀರು ತರುವ ಕಾಲುವೆಯ ಇಳಿಜಾರು ತಪ್ಪಿದರೆ ಅಥವಾ ಹೂಳು ತುಂಬಿದರೆ, ಅಂಗಳದಲ್ಲಿ ಜೇಡಿಯ ಬದಲು ಮರಳು ಸಿಕ್ಕರೆ ಕೆರೆ ಒಣಗಿಯೇ ಇರುತ್ತದೆ. ತುಂಬಿದ ಮೇಲೂ ಅಪಾಯ ಇದ್ದದ್ದೇ. ನೀರು ಹೊರಬಿಡುವ ತೂಬಿನ ಕಲ್ಲಿನ ಸುತ್ತ ಜೇಡಿಮಣ್ಣನ್ನು ತೆಳುಪದರಗಳಲ್ಲಿ ಹಾಕಿ, ಹದವಾಗಿ ನೆನೆಸಿ, ದಮ್ಮಸು ಮಾಡಿ ಗಟ್ಟಿಯಾಗಿ ಬಡಿಯದಿದ್ದರೆ ಕಲ್ಲು ಮಣ್ಣಿನ ಸಂದಿಯಲ್ಲಿ ನೀರು ನುಸುಳುತ್ತದೆ. ಮಣ್ಣಿನ ಕಣಗಳನ್ನು ಹೊತ್ತೊಯ್ಯುತ್ತಾ ಏರಿಯ, ಅಂದರೆ ಕೆರೆಯ ಕಟ್ಟೆಯ, ಹೊಟ್ಟೆಯೊಳಗೇ ಸುರಂಗ ಕೊರೆಯುತ್ತದೆ. ಹಿಂಬದಿಯಲ್ಲಿ ಒಸರುವ ನೀರು ರಾಡಿಯಾಯಿತೆಂದರೆ ಏರಿಗೆ ಹೆಚ್ಚು ಹೊತ್ತಿಲ್ಲ. ಹೆಚ್ಚಾದ ನೀರು ಹರಿದುಹೋಗುವ ಕೋಡಿ ಕಿರಿದಾದರೆ ನೀರು ಏರಿಯ ನೆತ್ತಿ ಹತ್ತಿ ಕೊಚ್ಚುತ್ತದೆ. ಇದರಲ್ಲಿ ಯಾವುದಾದರೂ ಸೊಸೆಯಿಂದ ಆಗುವಂಥದ್ದೇ? ಮದಗದ ಕೆರೆಗೆ ಆಹುತಿಯಾದ ಕೆಂಚಮ್ಮನ ಜನಪದ ಕಥೆಯಲ್ಲೂ ಇದೇ ಪಾಡು.

ನೀರನ್ನು ಹೆಣ್ಣೆಂದು ಪೂಜಿಸುವುದರಲ್ಲೇ ಹೆಣ್ಣಿಗೆ ಗೌರವವಿದೆ ಎನ್ನುವವರೊಂದಿಗೆ ನನ್ನ ತಕರಾರು ಇಲ್ಲೇ. ಮುತ್ತೈದೆಗೆ ಮೊರದಲ್ಲಿಟ್ಟು ಕೊಡುವ ಬಾಗಿನ ನೋಡಿ: ಎರಡು ಮೊರ, ಅರಿಶಿನ, ಕುಂಕುಮ, ಬಳೆ, ಕರಿಮಣಿ, ಕನ್ನಡಿ, ಬಾಚಣಿಗೆ, ರವಿಕೆಕಣ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ. ಕೆ.ಆರ್.ಎಸ್. ಜಲಾಶಯ ತುಂಬಿದಾಗ ಮುಖ್ಯಮಂತ್ರಿಗಳು ಕಾವೇರಿಗೆ ಅರ್ಪಿಸುವುದು ಮುತ್ತೈದೆಯ ಈ ಮರ್ಯಾದೆಯನ್ನೇ. ಮನೆಗಳಲ್ಲಿ ಗಂಡ ಸತ್ತವಳಿಗೆ ಇದೇ ಬಾಗಿನ ಇಲ್ಲ. ನದಿಯನ್ನೂ ತುಂಬು ಮುತ್ತೈದೆಯಾಗಿಯೇ ಕಲ್ಪಿಸಿಕೊಳ್ಳುವ ಪೂಜೆ ಯಾವ ಹೆಣ್ಣನ್ನು ಹೊರಗಿಡುತ್ತಿದೆ ಎಂದು ಕೇಳಲೇಬೇಕು.

ಹೆಣ್ಣಿಗೂ ಪ್ರಕೃತಿಗೂ ಹುಟ್ಟಿನಿಂದಲೇ ನಂಟು ಎಂಬ ವಾದವನ್ನು ಪರಿಸರ ಹೋರಾಟಗಾರ್ತಿ ವಂದನಾ ಶಿವ ಅವರಂಥವರು 1980ರ ದಶಕದಲ್ಲಿ ಬೆಳೆಸಿದರು. 1992ರಲ್ಲಿ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಅದನ್ನು ತಿದ್ದಿದರು: ಆ ನಂಟು ಬರುವುದು ಕೆಲಸ ಯಾರ ಪಾಲಿಗೆ, ಆಸ್ತಿ ಯಾರ ಕೈಯಲ್ಲಿ ಎಂಬುದರಿಂದ. ನಾನು ಅಗರ್ವಾಲ್ ಪಕ್ಷ. ಕೊಡ ಹೊರುವುದು ಹೆಂಗಸು ಎಂಬುದಕ್ಕೆ ಪುರಾಣದ ಕಾರಣ ಹುಡುಕಬೇಕಿಲ್ಲ.

ಹಾಡಿನಲ್ಲಿ, ಕೆರೆಗೆ ಹೋಗುವ ಮೊದಲು ಭಾಗೀರಥಿ ತವರಿಗೆ ಹೋದಾಗ ನಿಜ ನುಂಗಿಕೊಂಡು, ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡಿಸುತ್ತೇನೆ ಎನ್ನುತ್ತಾನೆ ಅಪ್ಪ. ಆ ಹೊಲ ಮೊದಲೇ ಅವಳ ಹೆಸರಿನಲ್ಲಿ ಇದ್ದಿದ್ದರೆ? ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ಕರ್ನಾಟಕದ ಕಾನೂನು ಜಾರಿಗೆ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಇಂದಿಗೂ ನೀರು ಬಳಕೆದಾರರ ಸಹಕಾರ ಸಂಘದ ಸದಸ್ಯತ್ವ ಅಚ್ಚುಕಟ್ಟಿನ, ಅಂದರೆ ಕೆರೆ ಕಾಲುವೆಯ ನೀರು ಹಾಯುವ, ಜಮೀನಿಗೆ ಅಂಟಿಕೊಂಡಿದೆ. ಪಹಣಿಯಲ್ಲಿ ಹೆಸರಿಲ್ಲದ ಹೆಂಗಸು ಸಸಿ ನೆಡಬಹುದು, ಕಳೆ ಕೀಳಬಹುದು, ತೂಬು ಎಂದು ಎತ್ತಬೇಕು ಎಂಬ ಸಭೆಯಲ್ಲಿ ಅವಳಿಗೆ ಕುರ್ಚಿಯಿಲ್ಲ. ಅಚ್ಚುಕಟ್ಟಿನಲ್ಲಿ ದುಡಿಯುವ ಪ್ರತಿ ಹೆಣ್ಣಿಗೂ, ಜಮೀನಿರಲಿ ಇಲ್ಲದಿರಲಿ, ಆ ಸಂಘದಲ್ಲಿ ಮತ ಬೇಕು.