ಚಹಾ ಡಿಕಾಕ್ಷನ್ ಪರವಾಗಿ ಒಂದು ವಕಾಲತ್ತು

ಚಹಾದ ಗಟ್ಟಿ ಡಿಕಾಕ್ಷನ್ ಮಾಡಿಟ್ಟುಕೊಂಡು, ಬೇಕಾದಾಗ ಬಿಸಿನೀರು ಬೆರೆಸಿ ಕುಡಿಯುತ್ತೇನೆ ಎಂದರೆ ಚಹಾಪ್ರಿಯರು ಮುಖ ಸಿಂಡರಿಸುತ್ತಾರೆ. ತಂಗಳು ಚಹಾ ಎಂದು ಕೆಲವರು, ಸೋಮಾರಿ ಚಹಾ ಎಂದು ಇನ್ನು ಕೆಲವರು. ಇದೇ ಜನ ಹಾಲು, ಸಕ್ಕರೆ ಎಲ್ಲವನ್ನೂ ಬೆರೆಸಿ ಫ್ಲಾಸ್ಕಿಗೆ ಸುರಿದು, ಗಂಟೆಗಟ್ಟಲೆ ಬಿಸಿಯಲ್ಲೇ ಬೆಂದ ಚಹಾವನ್ನು ತುಟಿಪಿಟಿಕ್ಕೆನ್ನದೆ ಕುಡಿಯುತ್ತಾರೆ! ಒಬ್ಬರಿಗೆ ಕಡು ಬೇಕು, ಇನ್ನೊಬ್ಬರಿಗೆ ತೆಳು ಬೇಕು, ಮತ್ತೊಬ್ಬರಿಗೆ ಹಾಲು ಬೇಡ, ಎಲ್ಲರೂ ಬರುವ ಹೊತ್ತು ಬೇರೆ ಬೇರೆ. ಇಂಥ ಕಡೆ ಡಿಕಾಕ್ಷನ್‌ನಷ್ಟು ನ್ಯಾಯವಾದ ಏರ್ಪಾಡು ಇನ್ನೊಂದಿಲ್ಲ ಎಂಬುದು ನನ್ನ ವಾದ.

ಇದೇನೂ ಹೊಸ ಉಪಾಯವಲ್ಲ. ಸಮೋವಾರ್ ಎಂದರೆ ಚಹಾ ಕುದಿಸುವ ಪಾತ್ರೆ ಎಂದು ಅನೇಕರು ತಿಳಿದಿದ್ದಾರೆ. ಅದರಲ್ಲಿ ಕಾಯುವುದು ಬರೀ ನೀರು. ಅದರ ನೆತ್ತಿಯ ಮೇಲೆ ಕೂರುವ ಪುಟ್ಟ ಪಾತ್ರೆಯಲ್ಲಿರುವುದೇ ಜವಾರ್ಕಾ, ಅಂದರೆ ರಷ್ಯನ್ನರ ಗಟ್ಟಿ ಡಿಕಾಕ್ಷನ್. ಬಟ್ಟಲಿಗೆ ಅದನ್ನು ಸ್ವಲ್ಪ ಬಗ್ಗಿಸಿ, ಸಮೋವಾರಿನ ನಲ್ಲಿ ತಿರುಗಿಸಿ ಬಿಸಿನೀರು ತುಂಬಿಕೊಳ್ಳುತ್ತಾರೆ. ತುಲಾ ನಗರದಲ್ಲಿ ಲಿಸಿತ್ಸಿನ್ ಸಹೋದರರು 1778ರಲ್ಲೇ ಸಮೋವಾರ್ ತಯಾರಿಸುತ್ತಿದ್ದರು. ತುರ್ಕಿಯವರು ಇದೇ ಕೆಲಸವನ್ನು ಒಂದರ ಮೇಲೊಂದು ಕೂರುವ ಎರಡು ಕೆಟಲ್‌ಗಳಲ್ಲಿ ಮಾಡುತ್ತಾರೆ: ಕೆಳಗೆ ನೀರು, ಮೇಲೆ ಡಿಕಾಕ್ಷನ್. ಕೆಳಗಿನ ಹಬೆಯೇ ಮೇಲಿನದನ್ನು ಬಿಸಿಯಾಗಿಡುತ್ತದೆ, ಕುದಿಯಲು ಬಿಡುವುದಿಲ್ಲ. ಚಹಾದಲ್ಲಿ ಮುಳುಗೇಳುವ ಈ ಎರಡು ದೇಶಗಳ ಜನರನ್ನು ಸೋಮಾರಿಗಳೆನ್ನುವ ಧೈರ್ಯ ನನಗಂತೂ ಇಲ್ಲ.

ಡಿಕಾಕ್ಷನ್‌ಗೆ ಕೆಟ್ಟ ಹೆಸರು ಬಂದಿರುವುದು ಅದನ್ನು ಮಾಡುವವರಿಂದಲೇ. ಗಟ್ಟಿಯಾಗಬೇಕೆಂದು ಒಂದೇ ಹಿಡಿ ಪುಡಿಯನ್ನು ಒಲೆಯ ಮೇಲಿಟ್ಟು ಕುದಿಸುತ್ತಲೇ ಇರುತ್ತಾರೆ. ಬಣ್ಣವೂ ಕೆಫೀನೂ ಮೊದಲ ಕೆಲವು ನಿಮಿಷಗಳಲ್ಲೇ ಬಹುಪಾಲು ಇಳಿದಿರುತ್ತವೆ. ಆಮೇಲೆ ಇಳಿಯುವುದರಲ್ಲಿ ಒಗರೂ ಕಹಿಯೂ ಹೆಚ್ಚು, ಪರಿಮಳ ಅಷ್ಟರಲ್ಲಿ ಹಬೆಯೊಂದಿಗೆ ಹಾರಿಹೋಗಿರುತ್ತದೆ. ಗಟ್ಟಿತನ ಬರಬೇಕಾದದ್ದು ಪುಡಿಯಿಂದ. ಕಾಲದಿಂದ ಅದನ್ನು ಹಿಂಡಲು ಹೊರಟರೆ ನಾಲಗೆ ಒಣಗಿಸುವ ಕಷಾಯ ಸಿಗುತ್ತದೆ. ಪುಡಿ ಧಾರಾಳವಾಗಿರಲಿ, ನೀರು ಕಡಿಮೆಯಿರಲಿ, ಹೊತ್ತು ಮಾತ್ರ ಎಂದಿನಷ್ಟೇ ಇರಲಿ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ಚಹಾದ ರುಚಿ ಪರೀಕ್ಷೆಗೆಂದು ಐಎಸ್‌ಒ 3103 ಎಂಬ ಅಂತಾರಾಷ್ಟ್ರೀಯ ಮಾನದಂಡವೊಂದಿದೆ. 100 ಮಿಲಿಲೀಟರ್ ನೀರಿಗೆ 2 ಗ್ರಾಂ ಚಹಾ, 6 ನಿಮಿಷ. (ಚಹಾ ಮಾಡುವುದಕ್ಕೂ ಮಾನದಂಡ ಬರೆದವರ ತಾಳ್ಮೆಗೆ ನಮಸ್ಕಾರ.) ಅದನ್ನೇ ಆಧಾರವಾಗಿಟ್ಟುಕೊಂಡರೆ, 150 ಮಿಲಿಲೀಟರಿನ ಎಂಟು ಬಟ್ಟಲಿಗೆ 24 ಗ್ರಾಂ ಪುಡಿ ಬೇಕು. ಅಷ್ಟಕ್ಕೂ 400 ಮಿಲಿಲೀಟರ್ ಕುದಿನೀರು ಸುರಿದು, ಮುಚ್ಚಿ, ಐದು ನಿಮಿಷ ಬಿಟ್ಟು ಸೋಸುತ್ತೇನೆ. ನೆನೆದ ಚರಟ ತನ್ನ ಪಾಲನ್ನು ಹೀರಿಟ್ಟುಕೊಂಡು ಸುಮಾರು 300 ಮಿಲಿಲೀಟರ್ ಕೊಡುತ್ತದೆ. ಕುಡಿಯುವಾಗ ಅದರ ಒಂದು ಪಾಲಿಗೆ ಮೂರು ಪಾಲು ಬಿಸಿನೀರು. ಚರಟವನ್ನು ಚಮಚದಿಂದ ಒತ್ತಿ ಹಿಂಡಬೇಡಿ, ಕೊನೆಗೆ ಉಳಿದ ಒಗರೆಲ್ಲ ಬಂದು ಸೇರುತ್ತದೆ. ಹಾಲು ಬೇಕೆನ್ನುವವರು ಡಿಕಾಕ್ಷನ್, ನೀರು, ಹಾಲು ಮೂರನ್ನೂ ಸಮಸಮ ಹಾಕಿಕೊಳ್ಳಬಹುದು. ಹಾಲಿನ ಪ್ರೋಟೀನ್ ಚಹಾದ ಒಗರನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಾಲಿನ ಚಹಾಕ್ಕೆ ಡಿಕಾಕ್ಷನ್ ಸ್ವಲ್ಪ ಹೆಚ್ಚೇ ಇರಬೇಕು. ತಣ್ಣನೆಯ ಚಹಾಕ್ಕಂತೂ ಇದು ಹೇಳಿ ಮಾಡಿಸಿದ್ದು. ಲೋಟದ ತುಂಬ ಮಂಜುಗಡ್ಡೆ ಹಾಕಿ ಬಿಸಿ ಡಿಕಾಕ್ಷನ್ ಸುರಿದರೆ, ಕರಗುವ ಮಂಜುಗಡ್ಡೆಯೇ ಹದ ಮಾಡುತ್ತದೆ.

ಫ್ರಿಜ್‌ನಲ್ಲಿಟ್ಟ ಡಿಕಾಕ್ಷನ್ ಮಬ್ಬಾಗಿ, ಕೆಸರು ಬಣ್ಣಕ್ಕೆ ತಿರುಗಿದಾಗ ಕೆಟ್ಟಿತೆಂದು ಚೆಲ್ಲುವವರಿದ್ದಾರೆ. ಚೆಲ್ಲಬೇಡಿ. ಕಪ್ಪು ಚಹಾಕ್ಕೆ ಬಣ್ಣ ಕೊಡುವ ಥಿಯಾಫ್ಲಾವಿನ್, ಥಿಯಾರುಬಿಜಿನ್ ಎಂಬ ವಸ್ತುಗಳು ತಣ್ಣಗಾದಾಗ ಕೆಫೀನ್ ಜೊತೆ ಕೈಜೋಡಿಸಿ ಬೇರೆಯಾಗುವುದರಿಂದ ಆ ಮಬ್ಬು ಬರುತ್ತದೆ. ಚಹಾದ ರುಚಿ ನೋಡುವುದೇ ವೃತ್ತಿಯಾಗಿರುವವರು ಇದನ್ನು ಒಳ್ಳೆಯ ಚಹಾದ ಗುರುತೆಂದೇ ನೋಡುತ್ತಾರೆ. ಮೇಲೆ ಕುದಿನೀರು ಬಿದ್ದರೆ ಮತ್ತೆ ತಿಳಿಯಾಗುತ್ತದೆ. ನಿಂಬೆರಸ ಬಿದ್ದೊಡನೆ ಬಣ್ಣ ತಿಳಿಯಾಗುವುದು ಬೇರೆ ಕತೆ, ಅದು ಹುಳಿಯ ಕೆಲಸ.

ನಿಜವಾಗಿಯೂ ಕೆಡುವುದು ಯಾವಾಗ ಎಂದರೆ, ಸೋಸದೆ ಬಿಟ್ಟಾಗ ಅಥವಾ ಹೊರಗೇ ಇಟ್ಟು ಮರೆತಾಗ. ಸೋಸಿ, ಶುಚಿಯಾದ ಗಾಜಿನ ಬಾಟಲಿಗೆ ಹಾಕಿ, ಆರಿದ ಮೇಲೆ ತಡಮಾಡದೆ ಫ್ರಿಜ್‌ಗೆ ಸೇರಿಸಿದರೆ ಮರುದಿನದವರೆಗೆ ಚಿಂತೆಯಿಲ್ಲ. ಎರಡನೆಯ ದಿನ ದಾಟಿಸಲು ನಾನು ಒಪ್ಪುವುದಿಲ್ಲ. ಹುಳಿವಾಸನೆ ಬಂದಿದ್ದರೆ, ಎಳೆ ಎಳೆಯಾಗಿ ಲೋಳೆ ಕಂಡರೆ, ಮರುಯೋಚನೆ ಬೇಡ, ಚೆಲ್ಲಿಬಿಡಿ. ಬಾಟಲಿಯನ್ನು ಬಿಸಿಲಿಗಿಟ್ಟು ಚಹಾ ಇಳಿಸುವ ಪದ್ಧತಿಯೂ ನನಗೆ ಒಗ್ಗದು. ಸೂಕ್ಷ್ಮಾಣುಗಳು ಸಾಯುವಷ್ಟು ಆ ನೀರು ಬಿಸಿಯಾಗುವುದಿಲ್ಲ, ಬೆಳೆಯಲು ಬೇಕಾದಷ್ಟು ಬೆಚ್ಚಗಿರುತ್ತದೆ. ಕುದಿನೀರು ಬೇಡವೆಂದಿದ್ದರೆ ಎಲೆಯನ್ನು ತಣ್ಣೀರಿನಲ್ಲಿ ನೆನೆಹಾಕಿ ರಾತ್ರಿಯೆಲ್ಲ ಫ್ರಿಜ್‌ನಲ್ಲಿಡಿ. ಒಗರು ಕಡಿಮೆಯಾಗಿ ಮೃದುವಾದ ಡಿಕಾಕ್ಷನ್ ಇಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಗಂಭೀರವಾಗಿ ಹೇಳಬೇಕು. ಬಾಟಲಿಯ ಮೇಲೆ ‘ಡಿಕಾಕ್ಷನ್’ ಎಂದು ಚೀಟಿ ಅಂಟಿಸಿ. ಒಣ ಚಹಾದ ತೂಕದಲ್ಲಿ ಶೇ 2ರಿಂದ 4ರಷ್ಟು ಕೆಫೀನ್ ಇರುತ್ತದೆ. 24 ಗ್ರಾಂ ಪುಡಿಯಲ್ಲಿ ಅದು ಸುಮಾರು 500ರಿಂದ 950 ಮಿಲಿಗ್ರಾಂ ಆಯಿತು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ, ಗರ್ಭಿಣಿಯರಿಗೆ 200 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿತ್ತು. ತಣ್ಣನೆಯ ಚಹಾ ಎಂದುಕೊಂಡು ಯಾರಾದರೂ ಅರ್ಧ ಬಾಟಲಿ ನೀರು ಬೆರೆಸದೆ ಕುಡಿದರೆ ಅವರ ಎದೆಬಡಿತ ಅವರಿಗೇ ಕೇಳಿಸೀತು. ಬೆರೆಸಿ ಕುಡಿದರೆ ಬಟ್ಟಲಿಗೆ ಸೇರುವುದು ಮಾಮೂಲಿ ಚಹಾದಷ್ಟೇ. ಸಂಜೆಯ ಬಟ್ಟಲಿಗೆ ಡಿಕಾಕ್ಷನ್ ಒಂದೇ ಚಮಚ ಸಾಕು ಎಂದು ತೀರ್ಮಾನಿಸುವ ಸ್ವಾತಂತ್ರ್ಯವೂ ನಿಮ್ಮದೇ, ಫ್ಲಾಸ್ಕಿನ ಚಹಾದಲ್ಲಿ ಅದಕ್ಕೆ ಆಸ್ಪದವಿಲ್ಲ.

ಇಷ್ಟೆಲ್ಲ ಉದಾರವಾಗಿ ಮಾತಾಡಿದರೂ, ಸೋಸಿದ ಚರಟಕ್ಕೆ ಮತ್ತೆ ನೀರು ಸುರಿದು ‘ಇನ್ನೆರಡು ಲೋಟ ಆಗುತ್ತದೆ ಬಿಡಿ’ ಎನ್ನುವವರೊಂದಿಗೆ ನನಗೆ ರಾಜಿಯಿಲ್ಲ. ಊಲಾಂಗ್‌ನಂಥ ಇಡೀ ಎಲೆಯ ಚಹಾದ ಮಾತು ಬೇರೆ, ಅದು ಎರಡು ಮೂರು ಸಲ ನೀರು ಕಂಡರೂ ರುಚಿ ಬಿಟ್ಟುಕೊಡುತ್ತದೆ. ಪುಡಿ ಚಹಾ ಮೊದಲ ಸಲವೇ ತನ್ನಲ್ಲಿದ್ದುದನ್ನೆಲ್ಲ ಕೊಟ್ಟಿರುತ್ತದೆ. ಆ ಚರಟವನ್ನು ಗಿಡದ ಬುಡಕ್ಕೆ ಹಾಕಿ, ಲೋಟಕ್ಕಲ್ಲ.